ಮುಂಬಯಿಯ ಹಳೆಯ ಜಾಝ್ ವಾದಕರಲ್ಲಿ ಗೋವಾದವರೇ ಹೆಚ್ಚಿದ್ದುದೇಕೆ?

ಅವರಿಗೆ ಪಾಶ್ಚಾತ್ಯ ಸ್ವರಲಿಪಿ ಓದಲು ಬರುತ್ತಿತ್ತು. ಮುಖ್ಯ ಕಾರಣ ಅದೇ. ಪೋರ್ಚುಗೀಸರ ಆಳ್ವಿಕೆಯ ಗೋವಾದಲ್ಲಿ ಚರ್ಚಿನ ಶಾಲೆಗಳು ಊರ ಹುಡುಗರಿಗೆ ಹಾಡುಗಾರಿಕೆ, ಪಿಟೀಲು, ಸ್ವರಲಿಪಿ ಕಲಿಸುತ್ತಿದ್ದವು. ಚರ್ಚಿನ ಪೂಜೆಗೆ ಹಾಡುವವರು, ನುಡಿಸುವವರು ಬೇಕಿತ್ತಲ್ಲ! ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದ ಈ ವಾದಕರು, ಬರೆದ ಹಾಳೆಯನ್ನು ಮುಂದಿಟ್ಟರೆ ಕೂಡಲೇ ನುಡಿಸಬಲ್ಲವರಾಗಿದ್ದರು. ಜಾಝ್‌ನ ಲಯ ಮಾತ್ರ ಹಾಳೆಯಿಂದ ಬರುವುದಿಲ್ಲ. ಅದನ್ನು 1930ರ ದಶಕದಲ್ಲಿ ತಾಜ್ ಹೋಟೆಲಿಗೆ ಬಂದ ಅಮೆರಿಕದ ಕಪ್ಪು ವಾದಕರನ್ನು ಕೇಳಿ, ಕೆಲವರು ಅವರ ಜೊತೆಗೇ ನುಡಿಸಿ ಕಲಿತರು.

ಹೊಟ್ಟೆಪಾಡು ರಾತ್ರಿ ಹೋಟೆಲಿನಲ್ಲಿ, ಹಗಲು ಸಿನಿಮಾ ಸ್ಟುಡಿಯೋದಲ್ಲಿ. ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ ಅವರು ಸಂಗೀತ ನಿರ್ದೇಶಕ ಸಿ. ರಾಮಚಂದ್ರರ ಜೊತೆ, ಸೆಬಾಸ್ಟಿಯನ್ ಡಿಸೋಜ ಅವರು ಸಂಗೀತ ನಿರ್ದೇಶಕ ಜೋಡಿ ಶಂಕರ್–ಜೈಕಿಶನ್ ಜೊತೆ ಹಿಂದಿ ಹಾಡುಗಳಿಗೆ ವಾದ್ಯವೃಂದವನ್ನು ಹೊಂದಿಸಿಕೊಟ್ಟರು.