ತಾಮಿಯಾ ಕಂಪನಿಯ ಹಳೆಯ 1/35 ಅಳತೆಯ ಹಾನೊಮಾಗ್ (ಜರ್ಮನ್ ಸೇನಾ ವಾಹನ) ಮಾದರಿ ಕಿಟ್‌ನಲ್ಲಿ ಟ್ರ್ಯಾಕ್ (ಚಕ್ರಗಳ ಸುತ್ತಲಿನ ಪಟ್ಟಿ) ಚಕ್ರಕ್ಕೆ ಅಂಟಿ ಪ್ಲಾಸ್ಟಿಕ್ ಕರಗಿದೆ, ಡಿಕ್ಯಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳು) ಹಳದಿಯಾಗಿದೆ. ಏನು ಮಾಡಬೇಕು?

ಟ್ರ್ಯಾಕ್ ಮೃದು ವಿನೈಲ್‌ನದು. ಅದನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ದ್ರವ ವರ್ಷಗಟ್ಟಲೆ ಜಿನುಗಿ, ತಾಗಿದ ಪಾಲಿಸ್ಟೈರೀನನ್ನು (ಕಿಟ್‌ನ ಗಟ್ಟಿ ಪ್ಲಾಸ್ಟಿಕ್) ತಿನ್ನುತ್ತದೆ. ಮೊದಲು ಎರಡನ್ನೂ ಬೇರ್ಪಡಿಸಿ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯಿರಿ. ಚಕ್ರದ ಗುಳಿಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ. ಜೋಡಿಸುವ ಮುನ್ನ ಚಕ್ರಗಳಿಗೆ ಅಕ್ರಿಲಿಕ್ ಬಣ್ಣ ಹಚ್ಚಿದರೆ ಸ್ವಲ್ಪ ತಡೆ ಸಿಗುತ್ತದೆ, ಪೂರ್ತಿ ಅಲ್ಲ. ಟ್ರ್ಯಾಕ್‌ನ ಎರಡು ತುದಿ ಸೇರಿಸಲು ಮಾಡೆಲ್ ಸಿಮೆಂಟ್ (ಪ್ಲಾಸ್ಟಿಕ್ ಮಾದರಿಗಳ ಅಂಟು) ಹಿಡಿಯುವುದಿಲ್ಲ. ಬಿಸಿ ಸ್ಕ್ರೂಡ್ರೈವರ್‌ನಿಂದ ತುದಿಯ ಗುಬುಟುಗಳನ್ನು ಒತ್ತಿ ಚಪ್ಪಟೆ ಮಾಡಿ, ಇಲ್ಲವೇ ದಾರದಿಂದ ಹೊಲಿಯಿರಿ. ಬಿರುಕು ಬಿಟ್ಟಿದ್ದರೆ ಬೇರೆ ಟ್ರ್ಯಾಕ್ ಕೊಳ್ಳುವುದೇ ವಾಸಿ.

ಡಿಕ್ಯಾಲ್ ಹಾಳೆಯನ್ನು ಜಿಪ್ ಕವರಿನಲ್ಲಿಟ್ಟು ಬಿಸಿಲು ಬೀಳುವ ಕಿಟಕಿಗೆ ಕೆಲ ದಿನ ಅಂಟಿಸಿ. ಹಳದಿ ಬಹುಪಾಲು ಇಳಿಯುತ್ತದೆ. ಬೇಡದ ಒಂದು ಗುರುತನ್ನು ನೀರಿಗೆ ಹಾಕಿ ನೋಡಿ. ಚೂರಾದರೆ, ಉಳಿದವಕ್ಕೆ ಮೊದಲು ಪಾರದರ್ಶಕ ಲ್ಯಾಕರ್ ಸಿಂಪಡಿಸಿ. ಆಮೇಲೆ ಪ್ರತಿ ಗುರುತನ್ನೂ ಅಂಚಿಗೆ ಹತ್ತಿರವಾಗಿ ಕತ್ತರಿಸಬೇಕು, ಲ್ಯಾಕರ್ ಇಡೀ ಹಾಳೆಯನ್ನು ಒಂದೇ ಪೊರೆ ಮಾಡಿರುತ್ತದೆ.