ಜರ್ಮನ್ ಕಲಿಯುವವರ ಪ್ರಶ್ನೆಗಳು: 'ಗೆ' ಬಂದಲ್ಲೆಲ್ಲ ಡೇಟಿವ್ ಅಲ್ಲ

ಪ್ರಶ್ನೆ: 'ಪಾರ್ಕಿಗೆ ಹೋಗುತ್ತೇನೆ' ಎನ್ನಲು 'ಇನ್ ದೇಮ್ ಪಾರ್ಕ್' ಎಂದು ಬರೆದರೆ ತಪ್ಪಂತೆ. 'ಗೆ' ಚತುರ್ಥಿಯಲ್ಲವೇ? ಡೇಟಿವ್ ಬರಬೇಡವೇ?

ಉತ್ತರ: ಡೇಟಿವ್ ಎಂದರೆ ಚತುರ್ಥಿ ಎಂದು ಗಟ್ಟಿ ಮಾಡಿಕೊಂಡವರು ಮುಗ್ಗರಿಸುವುದು ಇಲ್ಲೇ. 'ಗೆಳೆಯನಿಗೆ ಕೊಟ್ಟೆ' ಎಂಬಲ್ಲಿ ಆ ಲೆಕ್ಕ ಸರಿ. ಜಾಗದ ಮಾತು ಬಂದಾಗ ಕೈಕೊಡುತ್ತದೆ. ಆನ್, ಔಫ್, ಹಿಂಟರ್, ಇನ್, ನೇಬನ್, ಯೂಬರ್, ಉಂಟರ್, ಫೋರ್, ತ್ಸ್ವಿಷನ್ ಎಂಬ, ಜಾಗ ಸೂಚಿಸುವ 9 ಪದಗಳ ಜೊತೆ ತಲುಪುವ ಜಾಗಕ್ಕೆ ಅಕ್ಯುಸೇಟಿವ್ (ದ್ವಿತೀಯಾ ವಿಭಕ್ತಿ), ಇರುವ ಜಾಗಕ್ಕೆ ಡೇಟಿವ್. ಅಂದರೆ ಕನ್ನಡದ 'ಪಾರ್ಕಿಗೆ' ಅಲ್ಲಿ 'ಇನ್ ದೇನ್ ಪಾರ್ಕ್', ನಮ್ಮ 'ಪಾರ್ಕಿನಲ್ಲಿ' ಅಲ್ಲಿ 'ಇಮ್ ಪಾರ್ಕ್' ('ಇನ್ ದೇಮ್' ಕೂಡಿ 'ಇಮ್'). ಈ 9 ಪದಗಳ ಮಟ್ಟಿಗೆ ನಮ್ಮ ಸಪ್ತಮಿಯೇ ಅವರ ಡೇಟಿವ್ ಎಂದಿಟ್ಟುಕೊಳ್ಳಿ.

ಚಲನೆ ಇದ್ದರೆ ಅಕ್ಯುಸೇಟಿವ್ ಎಂಬ ಸೂತ್ರವನ್ನು ನಂಬಬೇಡಿ. ಪಾರ್ಕಿನೊಳಗೇ ಅಡ್ಡಾಡುವಾಗ ಕಾಲು ಆಡುತ್ತಲೇ ಇರುತ್ತದೆ, ಆದರೂ 'ಇಮ್ ಪಾರ್ಕ್' ಎಂದೇ ಹೇಳಬೇಕು. ಇನ್ನು 'ತ್ಸು' (ಕಡೆಗೆ) ಬಂದರೆ ಹೋಗುವ ಮಾತಾದರೂ ಯಾವಾಗಲೂ ಡೇಟಿವ್: ಶಾಲೆಗೆ, 'ತ್ಸೂರ್ ಶೂಲೆ' ('ತ್ಸು ದೇರ್' ಕೂಡಿ 'ತ್ಸೂರ್').

ಕ್ರಿಯಾಪದಗಳಲ್ಲೂ ಎಚ್ಚರ ಬೇಕು. 'ನನಗೆ ಸಹಾಯ ಮಾಡು' ಎಂಬುದು 'ಹಿಲ್ಫ್ ಮಿಯರ್', ಡೇಟಿವ್. 'ನನಗೆ ಫೋನ್ ಮಾಡು' ಮಾತ್ರ 'ರೂಫ್ ಮಿಶ್ ಆನ್', ಅಕ್ಯುಸೇಟಿವ್. ಕ್ರಿಯಾಪದವನ್ನು ವಿಭಕ್ತಿಯ ಸಮೇತವೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ: 'ಇಶ್ ಬಿನ್ ಕಾಲ್ಟ್' ಎಂದರೆ ಚಳಿಯಾಗುತ್ತಿದೆ ಎಂದಾಗುವುದಿಲ್ಲವೇ?

ಉತ್ತರ: ಇಲ್ಲ, 'ನಾನು ಭಾವನೆಯಿಲ್ಲದವನು' ಎಂಬಂತೆ ಕೇಳುತ್ತದೆ. ಇಂಗ್ಲಿಷಿನ ದಾರಿ ಹಿಡಿದು ಬರುವ ತಪ್ಪು ಇದು. ಕನ್ನಡದಲ್ಲೇ ಯೋಚಿಸಿ: ನನಗೆ ಚಳಿ, 'ಮಿಯರ್ ಇಸ್ಟ್ ಕಾಲ್ಟ್'. ಸೆಕೆಯಾದರೂ ಹಾಗೇ, 'ಮಿಯರ್ ಇಸ್ಟ್ ಹೈಸ್'.

ಪ್ರಶ್ನೆ: 'ಬೂಖ್' (ಪುಸ್ತಕ) ಬಹುವಚನದಲ್ಲಿ 'ಬ್ಯೂಶರ್' ಆಗುತ್ತದೆ. ಉಚ್ಚಾರ ಸರಿಯಾಗಿ ಬರುತ್ತಿಲ್ಲ.

ಉತ್ತರ: ಇಲ್ಲಿ ಎರಡು ಧ್ವನಿ ಒಟ್ಟಿಗೇ ಬದಲಾಗುತ್ತವೆ, ಕನ್ನಡ ಲಿಪಿ ಎರಡನ್ನೂ ಪೂರ್ತಿ ಹಿಡಿಯುವುದಿಲ್ಲ. ಮೊದಲು ಸ್ವರ. 'ಈ' ಎಂದು ಎಳೆಯಿರಿ. ನಾಲಿಗೆ ಕದಲಿಸದೆ ತುಟಿಯನ್ನು ಮಾತ್ರ 'ಊ'ಗೆ ಮಾಡುವಂತೆ ದುಂಡಗೆ ಮಾಡಿ. 'ಯ'ಕಾರ ಸೇರಿಸಿದರೆ ಕೆಟ್ಟಿತು. ಈ ಸ್ವರ ತಪ್ಪಿದರೆ ಬಾಗಿಲ ಮೇಲೆ ಬರೆದಿರುವ 'ಒತ್ತಿ, ತಳ್ಳಿ' ಎಂಬ ಪದ ('ದ್ರ್ಯುಕನ್') 'ಮುದ್ರಿಸು' ('ದ್ರುಕನ್') ಆಗಿಬಿಡುತ್ತದೆ.

ಆಮೇಲೆ ವ್ಯಂಜನ, ಬರಹದಲ್ಲಿ ಎರಡೂ ಕಡೆ 'ch'. ಆ, ಓ, ಊ, ಔ ಸ್ವರಗಳ ನಂತರ ಅದು ಗಂಟಲಿನದು. ನಮ್ಮ 'ಖ್' ಗಾಳಿಯನ್ನು ಒಮ್ಮೆ ತಡೆದು ಬಿಡುತ್ತದೆ. ಇಲ್ಲಿ ತಡೆಯಬಾರದು, ಉಜ್ಜಿಕೊಂಡು ಹರಿಯಬೇಕು. ಉಳಿದ ಕಡೆ 'ಈ' ಹೇಳುವ ಜಾಗದಲ್ಲೇ ನಾಲಿಗೆ ಇಟ್ಟು, ಕಂಠ ಸೇರಿಸದೆ ಬರಿ ಗಾಳಿ ಊದಿ. 'ಶ್'ಗಿಂತ ತೆಳುವಾದ ಆ ಸದ್ದೇ 'ಇಶ್'ನಲ್ಲಿರುವುದು.

ಪ್ರಶ್ನೆ: 'ಹಾಲ್ಪ್ ದ್ರೈ' (ಅರ್ಧ ಮೂರು) ಎಂದರೆ ಗಂಟೆ ಮೂರೂವರೆಯೇ?

ಉತ್ತರ: ಅಲ್ಲ, ಎರಡೂವರೆ. ನಾವು ಕಳೆದ ಗಂಟೆ ಹಿಡಿಯುತ್ತೇವೆ, ಅವರು ಬರುವ ಗಂಟೆ. ಪೂರ್ವ ಹಾಗೂ ದಕ್ಷಿಣ ಜರ್ಮನಿಯ ಹಲವೆಡೆ 'ದ್ರೈಫಿಯರ್ಟಲ್ ದ್ರೈ' (ಮುಕ್ಕಾಲು ಮೂರು) ಎಂದರೆ 2.45.