ಕೆಳತುಟಿಯ ಎರಡು ಗುಳಿ

ನೈಜೀರಿಯಾದ ಲಾಗೋಸಿನಲ್ಲಿ ಆನುವಂಶಿಕ ತೊಂದರೆಗಳ ಆಪ್ತಸಲಹೆಗೆ ಕೂತಾಗಿನಿಂದ ಇಂಥ ಪ್ರಕರಣ ನನಗಿದು ಮೂರನೆಯದು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಅಲ್ಲಿನ ಯೊರುಬಾ ಜನಾಂಗದ ದಂಪತಿ. ಚೊಚ್ಚಲ ಮಗುವಿನ ತುಟಿ, ಅಂಗುಳ ಎರಡೂ ಸೀಳು. ಎಂಟನೆಯ ದಿನ ಆಗಬೇಕಿದ್ದ ನಾಮಕರಣವೇ ಆಗಿರಲಿಲ್ಲ. ಬಸುರಿ ಸೊಸೆ ರಾತ್ರಿ ಹೊರಗೆ ತಿರುಗಿದಳು, ಕೆಟ್ಟದ್ದು ಸೋಕಿತು ಎಂದು ಅತ್ತೆಯ ದೂರು. ಗ್ರಹಣದ ಹೊತ್ತು ಹೊರಗೆ ಬಂದಳೆಂದು ಬಸುರಿಯನ್ನು ಬೈಯುವ ಊರಿನಿಂದ ಬಂದ ನನಗೆ ಈ ಮಾತು ಹೊಸದಲ್ಲ, ಹಾಗೆಂದು ಸಹಿಸಲೂ ಆಗಲಿಲ್ಲ.

ಎರಡನೆಯ ಭೇಟಿಯಲ್ಲಿ ಗಂಡ ನೀರು ಕುಡಿದು ಬಾಯಿ ಒರೆಸಿಕೊಂಡರು. ಕೆಳತುಟಿಯ ನಡುವಿನ ಆಚೀಚೆ ಎರಡು ಸಣ್ಣ ಗುಳಿ ಕಂಡವು.

"ಇವು ಯಾವಾಗಿನಿಂದ ಇವೆ?"

ಅತ್ತೆಯೇ ಹೆಮ್ಮೆಯಿಂದ ಉತ್ತರಿಸಿದರು: "ಹುಟ್ಟಿದಾಗಿನಿಂದ. ಅವನಪ್ಪನಿಗೂ ಇದ್ದವು. ನಮ್ಮ ಮನೆತನದ ಗುರುತು."

ನಾನು ಅಲ್ಲಿಗೇ ನಿಲ್ಲಿಸಿ, ಮುಂದಿನದನ್ನು ನಿಮ್ಮೊಬ್ಬರಿಗೇ ಹೇಳಲೇ ಎಂದು ಗಂಡನನ್ನು ಕೇಳಿದೆ. ಅವರು ಹೆಂಡತಿಯತ್ತ ನೋಡಿದರು. "ಇಲ್ಲೇ ಹೇಳಿ. ಇವಳನ್ನು ಬೈದದ್ದೂ ಎಲ್ಲರೆದುರಿಗೇ."

ಹೇಳಿದೆ. ಈ ಗುಳಿಗಳು ವ್ಯಾನ್ ಡರ್ ವೌಡ್ ಸಿಂಡ್ರೋಮ್ ಎಂಬ, ವಂಶದಲ್ಲಿ ಹರಿದುಬರುವ ತುಟಿ-ಅಂಗುಳದ ತೊಂದರೆಯ ಲಕ್ಷಣ ಇರಬಹುದು. ಹೆಚ್ಚಾಗಿ ಐಆರ್‌ಎಫ್6 ಎಂಬ ಜೀನಿನ ಬದಲಾವಣೆ ಅದಕ್ಕೆ ಕಾರಣ. ಇದು ಗೊತ್ತಾದದ್ದು 2002ರಲ್ಲಿ. ಸಹಾರಾ ದಕ್ಷಿಣದ ಆಫ್ರಿಕನ್ ಕುಟುಂಬಗಳಲ್ಲೂ ಇದೇ ಜೀನಿನ ಹೊಸ ಬದಲಾವಣೆಗಳು 2014ರಲ್ಲಿ ವರದಿಯಾದವು. ತಂದೆಯಿಂದಲೋ ತಾಯಿಯಿಂದಲೋ ಬದಲಾದ ಜೀನಿನ ಒಂದೇ ಪ್ರತಿ ಬಂದರೂ ಸಾಕು; ಒಬ್ಬರಿಗೆ ಬರೀ ಗುಳಿ, ಇನ್ನೊಬ್ಬರಿಗೆ ಪೂರ್ತಿ ಸೀಳು. ಪ್ರತಿ ಬಸಿರಿಗೂ ಆ ಬದಲಾವಣೆ ದಾಟುವ ಸಾಧ್ಯತೆ ಅರ್ಧಕ್ಕರ್ಧ.

"ಹಾಗಾದರೆ ತಪ್ಪು ನನ್ನ ಮಗನದೇ?" ಅತ್ತೆಯ ದನಿ ನಡುಗಿತು.

"ತಪ್ಪು ಮಾಡಿದವರು ಯಾರೂ ಇಲ್ಲಮ್ಮ. ತುಟಿ ಕೂಡಿಕೊಳ್ಳುವುದು ಬಸಿರಿನ ಮೊದಲ ಎರಡು ತಿಂಗಳೊಳಗೆ. ಆಗ ನಿಮ್ಮ ಸೊಸೆಗೆ ತಾನು ಬಸುರಿ ಅನ್ನುವುದೇ ಸರಿಯಾಗಿ ಗೊತ್ತಿತ್ತೋ ಇಲ್ಲವೋ."

ಅತ್ತೆಯೆದುರು ಹೇಳಬಾರದಿತ್ತು ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದರು. ಗಂಡನ ಒಪ್ಪಿಗೆ ಇಲ್ಲದಿದ್ದರೆ ನಾನೂ ಬಾಯಿ ಬಿಡುತ್ತಿರಲಿಲ್ಲ. ಆದರೆ ಹೆಣ್ಣಿನ ಮೇಲಿನ ದೂರನ್ನು ನಾಲ್ಕು ಜನರೆದುರು ಹೊರಿಸಿ, ಮುಚ್ಚಿದ ಕೋಣೆಯಲ್ಲಿ ಇಳಿಸಿದರೆ ಅದು ಇಳಿಯುವುದೇ ಇಲ್ಲ.

ಎಲ್ಲ ಸೀಳುತುಟಿಗೂ ಇದೇ ಕಾರಣವಲ್ಲ. ಬಹುಪಾಲು ಮಕ್ಕಳಲ್ಲಿ ಹಲವು ಜೀನುಗಳೂ ಪರಿಸರವೂ ಸೇರಿಕೊಂಡಿರುತ್ತವೆ. ಅದನ್ನು ಹುಡುಕಿ ನೈಜೀರಿಯಾ, ಘಾನಾ, ಇಥಿಯೋಪಿಯಾದ ಕುಟುಂಬಗಳ ಮೇಲೆ ನಡೆದ ದೊಡ್ಡ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಯುರೋಪಿನವರ ರಕ್ತ ನೋಡಿ ಆಫ್ರಿಕಾದ ತಾಯಿಗೆ ಉತ್ತರ ಹೇಳುವುದು ನನಗೆ ಎಂದೂ ಒಪ್ಪಿಗೆಯಾಗಿರಲಿಲ್ಲ.

ಕೊಟ್ಟ ಸಲಹೆ ಇಷ್ಟು: ಗಂಡನಿಗೂ ಮಗುವಿಗೂ ಜೀನ್ ಪರೀಕ್ಷೆ, ಹಾಲು ಕುಡಿಸುವಾಗ ಮಗುವನ್ನು ನೆಟ್ಟಗೆ ಹಿಡಿಯುವುದು, ಸುಮಾರು ಮೂರು ತಿಂಗಳಿಗೆ ತುಟಿಯ ಶಸ್ತ್ರಚಿಕಿತ್ಸೆ, ವರ್ಷದ ಆಸುಪಾಸಿಗೆ ಅಂಗುಳದ್ದು. ಗಂಡನ ತಂಗಿಗೆ ಮದುವೆ ಗೊತ್ತಾಗಿತ್ತು. ಆಕೆಯ ಕೆಳತುಟಿಯನ್ನೂ ನೋಡಬೇಕೆಂದೆ.

ಹೊರಡುವಾಗ ಅತ್ತೆ ಮಗುವನ್ನು ತಾವೇ ಎತ್ತಿಕೊಂಡರು. ಹೆಸರೇನು ಇಡುತ್ತೀರಿ ಎಂದು ಕೇಳಿದೆ. ಅವರು ಸೊಸೆಯ ಮುಖ ನೋಡಿದರು.